ಗೋಡೆಯಾಚೆಯಿಂದ ಬಂದ ರಿಪೋರ್ಟು

ಸಂಕ್ರಮಣ ಮುಗಿದು ನಾಲ್ಕು ದಿನ. ನಮ್ಮೂರಿನ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಆವಕ ಜೋರಾಗಿರುವ ಹೊತ್ತು. ಬೆಳಗಿನ ಏಳಕ್ಕೇ ಲಾರಿ, ಟ್ರ್ಯಾಕ್ಟರು, ಟಂಟಂ ಒಂದರ ಹಿಂದೊಂದು ನಿಂತು, ಹಮಾಲರು ಚೀಲ ಇಳಿಸುವ ಸದ್ದು ನಮ್ಮ ಓಣಿಯ ತನಕ ಕೇಳುತ್ತಿತ್ತು. ದಾಲ್ ಮಿಲ್ಲಿನ ಧೂಳು ಕೂತ ತುಳಸಿಗೆ ನಾನು ನೀರು ಚಿಮುಕಿಸುತ್ತಿದ್ದೆ. ಕಾಂಪೌಂಡ್ ಗೋಡೆಯ ಆಚೆಯಿಂದ ಪಕ್ಕದ ಮನೆಯ ವೈನಿ ಕೈ ಚಾಚಿದರು. ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ಒಂದು ಕಾಗದ.

“ಅಕ್ಕಾರ, ಇದು ಸ್ವಲ್ಪ ನೋಡ್ರಿ. ನಮ್ಮ ಹುಡುಗನ ಲಿವರ್ ಕೆಟ್ಟದಂತ್ರಿ.”

“ಯಾರು ಹೇಳ್ಯಾರ್ರಿ ಹಂಗ?”

“ಯಾರ್ಯಾಕ ಹೇಳಬೇಕ್ರಿ, ಕಾಗದದಾಗೇ ಬರದದಲ್ಲ. ದಪ್ಪ ಅಕ್ಷರದಾಗ, ಮುಂದ ಎಚ್ ಅಂತ ಹಾಕ್ಯಾರ. ರಾತ್ರಿಯಿಂದ ಸೊಸಿ ಒಂದು ತುತ್ತು ಉಂಡಿಲ್ಲ. ನಮ್ಮ ಭಾವ ಸೋಲಾಪುರಕ್ಕ ಒಯ್ರಿ ಅಂತಾನ, ಬೀಗರು ಹೈದ್ರಾಬಾದಿಗೇ ಹೋಗಿಬಿಡ್ರಿ ಅಂತಾರ.”

ಮೂವತ್ತೊಂದು ವರ್ಷ ನಾನು ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಡಾಕ್ಟರ್ ಅಲ್ಲ. ರಕ್ತ ತೆಗೆಯುವುದು, ಮಷೀನಿಗೆ ಇಡುವುದು, ಅಂಕಿ ಬರೆಯುವುದು ನನ್ನ ಕೆಲಸವಾಗಿತ್ತು. ಆ ಅಂಕಿಗಳನ್ನು ಹಿಡಿದುಕೊಂಡು ಬಾಗಿಲಲ್ಲೇ ಕುಸಿದು ಕೂತ ಎಷ್ಟು ತಾಯಂದಿರನ್ನು ನೋಡಿದ್ದೇನೋ. ಹಾಗಾಗಿ ಕಾಗದ ಈಸಿಕೊಳ್ಳುವ ಮೊದಲು, “ಹುಡುಗನ್ನ ಕರೀರಿ ವೈನಿ, ಅವನ್ನ ಮೊದಲು ನೋಡ್ತೀನಿ” ಎಂದೆ.

ಹುಡುಗನಿಗೆ ಎರಡೂವರೆ ವರ್ಷ, ತೂಕ ಹನ್ನೆರಡು ಕಿಲೋ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಹಸಿ ಕಡ್ಲಿ ಗಿಡದ ಕಾಯಿಯನ್ನು ಎರಡು ಬೆರಳಲ್ಲಿ ಒತ್ತಿ ‘ಟಪ್’ ಅನ್ನಿಸುವುದರಲ್ಲಿ ಮುಳುಗಿದ್ದ. ಸೊಂಟಕ್ಕೆತ್ತಿಕೊಂಡು ಬಿಸಿಲಿಗೆ ತಿರುಗಿಸಿ, ಕೆಳರೆಪ್ಪೆ ಜಗ್ಗಿ ನೋಡಿದೆ. ಕಣ್ಣು ಹಾಲಿನಂಥ ಬಿಳಿ. ಹೊಟ್ಟೆ ಮೆತ್ತಗಿತ್ತು. ಬಿಡು ಎಂದು ನನ್ನ ಕಿವಿಯೋಲೆ ಜಗ್ಗಿದ.

“ಉಚ್ಚಿ ಬಣ್ಣ ಹೆಂಗದ್ರಿ?”

“ಚಲೋ ಅದರಿ, ನೀರಿನಂಗ.”

“ಹೇಲು ಬೆಳ್ಳಗೇನಾರ?”

“ಇಲ್ರಿ, ಹಳದೀನೇ ಅದ. ಎರಡ್ಹೊತ್ತು ಉಣ್ಣಲತ್ತಾನ. ಜರ ಬಿಟ್ಟು ಆರು ದಿನ ಆದ್ವು.”

ಆಗ ಕಾಗದ ಬಿಡಿಸಿದೆ. ಎಸ್‌ಜಿಪಿಟಿ 112, ಎಸ್‌ಜಿಒಟಿ 148, ಆಲ್ಕಲೈನ್ ಫಾಸ್ಫಟೇಸ್ 410. ಮೂರೂ ದಪ್ಪ ಅಕ್ಷರ, ಮೂರರ ಮುಂದೂ ಎಚ್, ಅಂದರೆ ‘ಹೈ’. ಅದರ ಕೆಳಗೆ ತೆಳ್ಳಗೆ ಮುದ್ರಿಸಿದ ಅಂಕಿಗಳನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ: ಬಿಲಿರುಬಿನ್ ಸರಿ, ಆಲ್ಬುಮಿನ್ ಸರಿ, ರಕ್ತ ಹೆಪ್ಪುಗಟ್ಟುವ ಸಮಯ ಸರಿ.

ವೈನಿಗೆ ಹೇಗೆ ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಎದುರಿಗೇ ಒಂದು ಟ್ರ್ಯಾಕ್ಟರು ಹೋಯಿತು. ಒಂದು ಚೀಲ ಹರಿದು ರಸ್ತೆಯುದ್ದಕ್ಕೂ ತೊಗರಿ ಸುರಿಯುತ್ತಿತ್ತು. “ಅಲ್ನೋಡ್ರಿ” ಎಂದೆ. “ಕಾಳು ರಸ್ತಾಕ್ಕ ಬಿದ್ದಾವ ಅಂದ್ರ ಎಲ್ಲೋ ಚೀಲ ಹರದದ ಅಂತ ಗೊತ್ತಾಗ್ತದ. ಆದ್ರ ಒಳಗ ಎಷ್ಟು ಚೀಲ ಗಟ್ಟಿ ಅವ ಅಂತ ರಸ್ತಾ ನೋಡಿ ಹೇಳ್ಲಿಕ್ಕಾಗ್ತದೇನ್ರಿ?” ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬವು ಜೀವಕೋಶದ ಒಳಗೆ ಇದ್ದು ಕೆಲಸ ಮಾಡುವ ಕಿಣ್ವಗಳು. ಕೋಶಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತವೆ. ಸೋರಿದ್ದು ಎಷ್ಟು ಎಂದಷ್ಟೇ ಆ ಅಂಕಿ ಹೇಳುತ್ತದೆ. ಲಿವರ್ ತನ್ನ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಹೇಳುವುದು ಆ ತೆಳ್ಳನೆಯ ಅಕ್ಷರದವು. ಆಲ್ಬುಮಿನ್ ತಯಾರಿಸುವುದು ಲಿವರ್, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ತಯಾರಿಸುವುದೂ ಅದೇ. ಅವೆರಡು ಸರಿ ಇದ್ದರೆ ಕಾರ್ಖಾನೆ ನಡೆಯುತ್ತಿದೆ ಎಂದೇ ಅರ್ಥ. ಈ ಪರೀಕ್ಷೆಗಳ ಕಟ್ಟಿಗೆಲ್ಲ ‘ಲಿವರ್ ಫಂಕ್ಷನ್ ಟೆಸ್ಟ್’ ಎಂದು ಹೆಸರಿಟ್ಟವರು ಮನೆಮಂದಿಗೆ ಸುಮ್ಮನೆ ದಿಗಿಲು ಹುಟ್ಟಿಸಿದ್ದಾರೆ ಎಂಬುದು ನನ್ನ ಬಹುಕಾಲದ ದೂರು.

ಮೂರರಲ್ಲಿ ಆ 410 ಅಂತೂ ಕಾಯಿಲೆಯೇ ಅಲ್ಲ. ಆಲ್ಕಲೈನ್ ಫಾಸ್ಫಟೇಸ್ ಲಿವರಿನಿಂದ ಬರುವಂತೆ ಎಲುಬಿನಿಂದಲೂ ಬರುತ್ತದೆ. ಎಲುಬು ಬೆಳೆಯುವ ವಯಸ್ಸಿನಲ್ಲಿ ಅದು ದೊಡ್ಡವರ ಎರಡು ಮೂರು ಪಟ್ಟು ಇರುವುದು ಸಹಜ. ರಿಪೋರ್ಟಿನ ಬದಿಯಲ್ಲಿ ಅಚ್ಚಾಗಿದ್ದ ‘ನಾರ್ಮಲ್’ ದೊಡ್ಡವರದು, 129ರ ತನಕ. ಎರಡೂವರೆ ವರ್ಷದವನನ್ನು ಅಪ್ಪನ ಅಳತೆಗೆ ಹಿಡಿದರೆ ಎಚ್ ಬರದೆ ಏನು ಬಂದೀತು? ಇನ್ನೊಂದು ಮಾತು. ಐದು ವರ್ಷದೊಳಗಿನ ಕೆಲವು ಮಕ್ಕಳಲ್ಲಿ ಜ್ವರವೋ ಭೇದಿಯೋ ಆದ ಮೇಲೆ ಈ ಒಂದು ಅಂಕಿ ಮಾತ್ರ ಸಾವಿರ ದಾಟಿ, ಯಾವ ಔಷಧಿಯೂ ಇಲ್ಲದೆ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ಇಳಿದುಬಿಡುತ್ತದೆ. ವೈದ್ಯರಿಗೆ ಗೊತ್ತಿರುವ ಸಂಗತಿಯೇ ಅದು.

ಇನ್ನು ಎಸ್‌ಜಿಒಟಿ. ಅದು ಲಿವರಿನ ಖಾಸಾ ಆಸ್ತಿಯಲ್ಲ. ಹೃದಯದಲ್ಲಿದೆ, ಸ್ನಾಯುವಿನಲ್ಲಿದೆ, ಕೆಂಪು ರಕ್ತಕಣದಲ್ಲೂ ಇದೆ. 1954ರಲ್ಲಿ ನ್ಯೂಯಾರ್ಕಿನ ವೈದ್ಯರು ಅದನ್ನು ರೋಗಿಗಳ ರಕ್ತದಲ್ಲಿ ಅಳೆದು ಹೆಸರು ಮಾಡಿದ್ದು ಹೃದಯಾಘಾತ ಕಂಡುಹಿಡಿಯಲಿಕ್ಕೆ. ಲಿವರಿನ ಕಡೆ ಬಂದದ್ದು ಆಮೇಲೆ.

“ರಕ್ತ ತಗೊಳ್ಳೋ ಮುಂದ ಹುಡುಗ ಭಾಳ ಅತ್ತನೇನ್ರಿ?”

“ಅಯ್ಯ, ಕೇಳಬ್ಯಾಡ್ರಿ. ಮೂರ್ಸಲ ಚುಚ್ಚಿದ್ರು. ಮೂರು ಮಂದಿ ಹಿಡಕೊಂಡಿದ್ವಿ.”

ಆ ದೃಶ್ಯ ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಹನ್ನೆರಡು ಕಿಲೋದ ಮಗುವಿನ ಮೊಣಕೈ ಮಡಿಕೆಯಲ್ಲಿ ರಕ್ತನಾಳ ಹೊಲಿಗೆ ದಾರದಷ್ಟಿರುತ್ತದೆ. ಸೂಜಿ ಒಳಗಿದೆ, ರಕ್ತ ಬರುತ್ತಿಲ್ಲ, ತಾಯಿ ಮುಖ ತಿರುಗಿಸಿದ್ದಾಳೆ, ಸಿರಿಂಜನ್ನು ಕೊಂಚ ಜೋರಾಗಿ ಜಗ್ಗಬೇಕಾಗುತ್ತದೆ. ಹಾಗೆ ಜಗ್ಗಿದಾಗ ಕೆಂಪುಕಣಗಳು ಒಡೆಯುತ್ತವೆ. ಮಷೀನಿನಲ್ಲಿ ತಿರುಗಿಸಿ ತೆಗೆದಾಗ ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲಬೇಕಾದ ಕಡೆ ಗುಲಾಬಿ ಬಣ್ಣದ ನೀರು ನಿಂತಿರುತ್ತದೆ. ಅಂಥ ಮಾದರಿಯಲ್ಲಿ ಎಸ್‌ಜಿಒಟಿ ಸುಳ್ಳೇ ಏರುತ್ತದೆ. ನಾನಿದ್ದಷ್ಟು ಕಾಲ ಅಂಥವುಗಳ ಮೇಲೆ ‘ಕಣ ಒಡೆದಿದೆ’ ಎಂದು ಷರಾ ಬರೆಯದೆ ಕಳಿಸಿಲ್ಲ. ವೈನಿ ತಂದ ರಿಪೋರ್ಟಿನ ತಳದಲ್ಲೂ ಸಣ್ಣ ಅಕ್ಷರದಲ್ಲಿ ಆ ಷರಾ ಇತ್ತು.

ಎಸ್‌ಜಿಪಿಟಿ ಮಾತ್ರ ಹೆಚ್ಚಾಗಿ ಲಿವರಿನದೇ. 112 ಎಂದರೆ ಮೂರು ಪಟ್ಟಿನ ಆಸುಪಾಸು. ಸಾವಿರ ಎರಡು ಸಾವಿರ ಬಂದದ್ದನ್ನೂ ಕಂಡಿದ್ದೇನೆ; ಆ ಲೆಕ್ಕ ಬೇರೆ, ಅಲ್ಲಿ ಗಂಟೆಯೂ ತಡ ಮಾಡಬಾರದು. ಇದು ಸಾಧಾರಣ ಏರಿಕೆ. ಜ್ವರ ತರುವ ಎಷ್ಟೋ ವೈರಸ್ಸುಗಳು, ಡೆಂಗ್ಯೂ, ಟೈಫಾಯ್ಡ್, ಎಲ್ಲವೂ ಲಿವರಿಗೆ ಒಂದಿಷ್ಟು ಏಟು ಕೊಟ್ಟೇ ಹೋಗುತ್ತವೆ. ನೀರಿನಿಂದ ಬರುವ ಹೆಪಟೈಟಿಸ್ ಎ ಕೂಡ ಆರು ವರ್ಷದೊಳಗಿನ ಬಹಳಷ್ಟು ಮಕ್ಕಳಲ್ಲಿ ಕಣ್ಣು ಹಳದಿ ಮಾಡದೆಯೇ ಬಂದು ಹೋಗುತ್ತದೆ. ಏಟು ನಿಂತ ಮೇಲೆ ರಕ್ತದಲ್ಲಿನ ಎಸ್‌ಜಿಒಟಿ ಸುಮಾರು 17 ಗಂಟೆಗೊಮ್ಮೆ ಅರ್ಧ ಆಗುತ್ತದೆ, ಎಸ್‌ಜಿಪಿಟಿ ಸುಮಾರು 47 ಗಂಟೆಗೊಮ್ಮೆ. ಅದಕ್ಕೇ, ಮಗು ಗೆಲುವಾಗಿದ್ದರೆ, ವೈದ್ಯರು ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ನೋಡೋಣ ಎನ್ನುವುದು.

“ಡಾಕ್ಟರ್ ಏನಂದ್ರು?” ಎಂದು ಕೇಳಿದೆ.

“ಮೂರು ವಾರ ಬಿಟ್ಟು ಬರ್ರಿ ಅಂದ್ರು. ನಮಗೇನೋ ಬಚ್ಚಿಡಲತ್ತಾರ ಅನಸ್ತು.”

ಬಚ್ಚಿಟ್ಟಿರಲಿಲ್ಲ. ಒಂದೇ ರಿಪೋರ್ಟು ನೋಡಿ ತೀರ್ಮಾನ ಬೇಡ ಎಂದಷ್ಟೇ ಅವರ ಮಾತಿನ ಅರ್ಥ. ಗಂಜಿನಲ್ಲಿ ಯಾವ ವ್ಯಾಪಾರಿಯೂ ಒಂದು ಚೀಲದ ಒಂದು ಹಿಡಿ ಕಾಳು ನೋಡಿ ಭಾವ ಕಟ್ಟುವುದಿಲ್ಲ. ನಾಲ್ಕು ಚೀಲಕ್ಕೆ ಚುಚ್ಚುತ್ತಾನೆ, ಅಂಗೈ ಮೇಲೆ ಹರವುತ್ತಾನೆ, ಊದುತ್ತಾನೆ, ಮೂಸುತ್ತಾನೆ. ವೈನಿಯ ಮಗ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಈ ಮಾತು ಅವನಿಗೆ ಥಟ್ಟನೆ ತಿಳಿಯಿತು.

ಆದರೆ ನನ್ನ ಮನಸ್ಸಿಗೆ ಇನ್ನೂ ಸಮಾಧಾನವಿರಲಿಲ್ಲ. “ಮನ್ಯಾಗ ಏನೇನು ಔಷಧ ಹಾಕೀರಿ, ಎಲ್ಲಾ ತರ್ರಿ” ಎಂದೆ. ವೈನಿ ಒಂದು ಕ್ಯಾರಿಬ್ಯಾಗು ತಂದು ಗೋಡೆ ಮೇಲೆ ಸಾಲಾಗಿ ಇಟ್ಟರು. ಪ್ಯಾರಸಿಟಮಾಲ್ ಸಿರಪ್ಪಿನ ಎರಡು ಬಾಟಲಿ. ಒಂದು ಹೋದ ವರ್ಷದ್ದು, 5 ಎಂಎಲ್‌ಗೆ 125 ಮಿಲಿಗ್ರಾಂ. ಇನ್ನೊಂದು ಹೊಸದು, 5 ಎಂಎಲ್‌ಗೆ 250. ಡಬ್ಬಿ, ಬಣ್ಣ, ವಾಸನೆ ಹೆಚ್ಚುಕಡಿಮೆ ಒಂದೇ. ಹಳೆಯದರಿಂದ 5 ಎಂಎಲ್ ಕೊಟ್ಟು ರೂಢಿಯಾದ ಕೈ, ಹೊಸದರಿಂದಲೂ 5 ಎಂಎಲ್ಲೇ ಕೊಟ್ಟಿತ್ತು, ದಿನಕ್ಕೆ ನಾಲ್ಕು ಸಲ. ಮಕ್ಕಳಿಗೆ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ ಎಂಬುದು ಲೆಕ್ಕ. ಹನ್ನೆರಡು ಕಿಲೋಗೆ 180 ಮೀರಬಾರದು. ಇವನಿಗೆ ಹೋಗಿದ್ದು 250. ಅದರ ಪಕ್ಕದಲ್ಲಿ ನೆಗಡಿಯ ಸಿರಪ್ಪು, ಅದರೊಳಗೂ ಪ್ಯಾರಸಿಟಮಾಲ್! ಜೊತೆಗೆ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್. ಆ ಎರಡರ ಜೋಡಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಬಾಟಲಿ ಮೇಲೆ ಬರೆಯಲೇಬೇಕು ಎಂದು 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ದಾರೆ.

ಇದೇ ಪ್ಯಾರಸಿಟಮಾಲು ಚಿಕ್ಕ ಮಕ್ಕಳ ಡ್ರಾಪ್ಸ್ ರೂಪದಲ್ಲೂ ಬರುತ್ತದೆ. ಅದರಲ್ಲಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ, ಅಂದರೆ 125ರ ಸಿರಪ್ಪಿಗಿಂತ ನಾಲ್ಕು ಪಟ್ಟು ಗಟ್ಟಿ. ಸಣ್ಣ ಬಾಟಲಿ, ಸಣ್ಣ ಮಕ್ಕಳದು, ಹಗುರ ಇರಬೇಕು ಎಂದುಕೊಂಡು ಚಮಚದಲ್ಲಿ ಕುಡಿಸಿದವರಿದ್ದಾರೆ.

ವೈನಿಯ ಮುಖ ಬಿಳುಚಿತು. “ನಾನೇ ಕೊಟ್ಟೀನ್ರಿ ಅಕ್ಕಾರ. ನನ್ನ ಕೈಯಾಗೇ…” ಎಂದು ಸೆರಗು ಬಾಯಿಗಿಟ್ಟುಕೊಂಡರು. ನಾನು ಗೋಡೆ ದಾಟಿ ಅವರ ಕೈ ಹಿಡಿದೆ. ಜ್ವರದಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಕೂತ ಅಜ್ಜಿ ಪ್ರೀತಿಯಿಂದಲೇ ಕೊಟ್ಟದ್ದು ಅದು. ಆ ಅಕ್ಷರ ಇರುವೆಯಷ್ಟು ಚಿಕ್ಕದು, ಅದೂ ಇಂಗ್ಲಿಷಿನಲ್ಲಿ. ತಪ್ಪನ್ನು ಅವರ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. ಏರಿಕೆಗೆ ವೈರಸ್ಸೇ ಕಾರಣವೋ, ಸಿರಪ್ಪೂ ಕೈ ಸೇರಿಸಿತೋ ಎಂದು ನಾನು ಹೇಳುವಂತಿರಲಿಲ್ಲ. “ಎಲ್ಲಾ ಬಾಟಲಿ ತಗೊಂಡು ಇವತ್ತೇ ಡಾಕ್ಟರಿಗೆ ತೋರಿಸ್ರಿ” ಎಂದೆ.

ಕ್ಯಾರಿಬ್ಯಾಗಿನ ತಳದಲ್ಲಿ ಇನ್ನೊಂದಿತ್ತು. ನಿನ್ನೆ ಸಂಜೆ ರಿಪೋರ್ಟು ಬಂದ ಕೂಡಲೇ ಔಷಧದಂಗಡಿಯಿಂದ ತಂದ ಲಿವರ್ ಟಾನಿಕ್. ಒಲೆ ಮೇಲೆ ಅಮೃತಬಳ್ಳಿ ಕಷಾಯವೂ ಕುದಿಯುತ್ತಿತ್ತಂತೆ. ಕೊರೊನಾ ಕಾಲದಲ್ಲಿ, 2020ರ ಕೊನೆಯಲ್ಲಿ, ಅಮೃತಬಳ್ಳಿ ಕುಡಿದು ಲಿವರ್ ಕೆಡಿಸಿಕೊಂಡ ಆರು ಮಂದಿಯ ವಿಚಾರವನ್ನು ಮುಂಬೈಯ ವೈದ್ಯರು ಪ್ರಕಟಿಸಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಅವರವರಿಗಿರಲಿ. ನನಗನಿಸುವುದು ಇಷ್ಟೇ: ಏಟು ತಿಂದ ಲಿವರಿನ ಮೇಲೆ ಹೊಸದೊಂದನ್ನು ಹೇರಿದರೆ, ಮೂರು ವಾರದ ಮೇಲೆ ಬರುವ ಅಂಕಿ ಯಾವುದರದು ಎಂದು ಯಾರಿಗೂ ತಿಳಿಯದು. ಒಲೆ ಆರಿಸಿರಿ ಎಂದೆ. ಆರಿಸಿದರು.

ಆ ಒಲೆಯ ಮಾತಿಗೇ ನಾನು ಅವರ ಅಡುಗೆಮನೆಗೆ ಹೋದದ್ದು. ಅಲ್ಲಿ ಹುಡುಗನ ಹಾಲು ಒಂದು ಹಿತ್ತಾಳೆ ಬೋಗುಣಿಯಲ್ಲಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿ ಬಂಗಾರದ ಹಾಗೆ ಹೊಳೆಯುತ್ತಿತ್ತು, ಒಳಗೂ ಹಾಗೇ. ಕಲಾಯಿ ಎಂಬುದರ ಗುರುತೂ ಇರಲಿಲ್ಲ. “ನಮ್ಮವ್ವನ ಬೋಗುಣಿ ರಿ. ಈಗ ಎಲ್ಲಾರೂ ಹಳೆ ಭಾಂಡೇನೇ ಆರೋಗ್ಯಕ್ಕ ಚಲೋ ಅಂತಾರಲ್ಲ, ಅದಕ್ಕ ಹೋದ ತಿಂಗಳು ಅಟ್ಟದಿಂದ ಇಳಿಸೀನಿ.”

ನನ್ನ ಎದೆ ಝಲ್ಲೆಂದಿತು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಹಿರಿಯರು ಹೇಳುತ್ತಿದ್ದ ಒಂದು ಕಾಯಿಲೆ ಇತ್ತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಹೊಟ್ಟೆ ಉಬ್ಬಿ, ಲಿವರ್ ಕಲ್ಲಿನ ಹಾಗೆ ಗಟ್ಟಿಯಾಗಿ, ಕೆಲವೇ ತಿಂಗಳಲ್ಲಿ ಜೀವ ಹೋಗುತ್ತಿತ್ತು. ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಮಗು. ಶಾಪ ಎಂದರು, ವಂಶದ ದೋಷ ಎಂದರು. ಪುಸ್ತಕಗಳಲ್ಲಿ ಅದರ ಹೆಸರೇ ‘ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್’, ಭಾರತದ ಮಕ್ಕಳ ಕಾಯಿಲೆ ಎಂದು. ನಮ್ಮಿಂದ ದೂರವಿಲ್ಲದ ಪುಣೆಯಲ್ಲಿ ಡಾ. ಶೀಲಾ ಭಾವೆ, ಡಾ. ಆನಂದ ಪಂಡಿತ್, ಅವರೊಂದಿಗೆ ಇಂಗ್ಲೆಂಡಿನ ಡಾ. ಸ್ಟುವರ್ಟ್ ಟ್ಯಾನರ್ ಇದರ ಬೆನ್ನು ಹತ್ತಿದರು. ಸತ್ತ ಮಕ್ಕಳ ಲಿವರಿನಲ್ಲಿ ತಾಮ್ರ ರಾಶಿ ಬಿದ್ದಿತ್ತು. ಎಲ್ಲಿಂದ ಬಂತು ಎಂದು ಮನೆಮನೆಯ ಅಡುಗೆಮನೆಗೆ ಹೋದರು. ತಾಯಿ ಹಾಲು ಬೇಗ ಬಿಡಿಸಿ, ಆಕಳ ಹಾಲು ಎಮ್ಮೆ ಹಾಲನ್ನು ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಅದರಲ್ಲೇ ಇಟ್ಟು ಕುಡಿಸುತ್ತಿದ್ದರು. ಹಾಲಿನ ಪ್ರೊಟೀನು ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಎಳೆ ಲಿವರಿಗೆ ಅಷ್ಟು ತಾಮ್ರವನ್ನು ಹೊರಹಾಕಲು ಬರುವುದಿಲ್ಲ. 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಸ್ಟೀಲು ಬಂತು, ಹಿತ್ತಾಳೆ ಅಟ್ಟ ಸೇರಿತು, ಕಾಯಿಲೆ ಅಪರೂಪವಾಯಿತು. ಭಾರತದ್ದು ಎಂಬ ಹೆಸರೂ ಸುಳ್ಳಾಯಿತು: ಆಸ್ಟ್ರಿಯಾದ ಟಿರೋಲ್ ಬೆಟ್ಟಸೀಮೆಯಲ್ಲಿ 1900ರಿಂದ 1974ರ ನಡುವೆ 138 ಮಕ್ಕಳು ಇದೇ ಬಗೆಯಲ್ಲಿ ಸತ್ತಿದ್ದರೆಂದು 1996ರಲ್ಲಿ ಗೊತ್ತಾಯಿತು. ಅಲ್ಲೂ ಕಲಾಯಿಯಿಲ್ಲದ ತಾಮ್ರದ ಪಾತ್ರೆ, ಅಲ್ಲೂ ಕಾಯಿಸಿದ ಹಾಲು.

ನಮ್ಮ ಹಿಂದಿನವರು ದಡ್ಡರಾಗಿರಲಿಲ್ಲ. ಓಣಿಯಲ್ಲಿ “ಕಲಾಯಿ…” ಎಂದು ಕೂಗುತ್ತ ಬರುವವನು ತಿದಿ ಊದಿ, ನವಸಾಗರ ಉಜ್ಜಿ, ತವರ ಸವರಿ ಪಾತ್ರೆಯ ಒಳಗನ್ನು ಬೆಳ್ಳಗೆ ಮಾಡಿ ಕೊಡುತ್ತಿದ್ದ. ಆ ಬಿಳಿಯ ಪೊರೆಯೇ ಕಾವಲು. ಈಗ ಪಾತ್ರೆ ಅಟ್ಟದಿಂದ ಇಳಿಯುತ್ತಿದೆ, ಕಲಾಯಿಯವನು ಮಾತ್ರ ಬರುವುದಿಲ್ಲ. ವೈನಿ ಆ ಹಾಲನ್ನು ಚೆಲ್ಲಿ, ಸ್ಟೀಲ್ ತಪೇಲಿ ಇಟ್ಟರು.

ಡಾಕ್ಟರು ಮುಂದೆ ಏನೇನು ಕೇಳಬಹುದೆಂದೂ ಹೇಳಿಕೊಟ್ಟೆ. “ಸೊಸಿ ನನ್ನ ತಮ್ಮನ ಮಗಳೇ ರಿ” ಎಂದು ವೈನಿ ದನಿ ತಗ್ಗಿಸಿದರು. ನಮ್ಮ ಕಡೆ ಎಷ್ಟು ಮನೆಯಲ್ಲಿ ಹಾಗಿಲ್ಲ? ಮುಚ್ಚಿಡಬೇಡಿ, ಹೇಳಿಬಿಡಿ. ಒಳಸಂಬಂಧದಲ್ಲಿ ಬರುವ ಸಾಧ್ಯತೆ ಹೆಚ್ಚಿರುವ ಕೆಲವು ಕಾಯಿಲೆಗಳಿವೆ. ವಿಲ್ಸನ್ ಕಾಯಿಲೆ ಅಂಥದೊಂದು, ಅದೂ ತಾಮ್ರದ್ದೇ ತಕರಾರು, ಸಾಮಾನ್ಯವಾಗಿ ಐದು ವರ್ಷದ ಮೇಲೆ ಕಾಣಿಸುತ್ತದೆ. ಹುಡುಗ ನೆಲದಿಂದ ಏಳುವಾಗ ತೊಡೆ ಮೇಲೆ ಕೈಯೂರಿ ಹತ್ತಿ ಏಳುತ್ತಾನೆಯೇ, ಮೀನಖಂಡ ದಪ್ಪವೇ ಎಂದೂ ಕೇಳಿಯಾರು. ಡುಶೆನ್ ಎಂಬ ಸ್ನಾಯುವಿನ ಕಾಯಿಲೆಯಲ್ಲೂ ಎಸ್‌ಜಿಪಿಟಿ, ಎಸ್‌ಜಿಒಟಿ ಏರುತ್ತವೆ. ಲಿವರಿನ ಬೆನ್ನು ಹತ್ತಿ ತಿಂಗಳುಗಟ್ಟಲೆ ಅಲೆದ ಮೇಲೆ ಸಿಪಿಕೆ ಎಂಬ ಒಂದು ಪರೀಕ್ಷೆಯಲ್ಲಿ ನಿಜ ತಿಳಿದ ಮಕ್ಕಳುಂಟು. ಇವನು ಅಷ್ಟರಲ್ಲಿ ಕಟ್ಟೆ ಹತ್ತಿ ಮೂರು ಸಲ ಜಿಗಿದಿದ್ದ.

ಮೂರು ವಾರ ಕಾಯಿರಿ ಎಂಬ ಮಾತು ಮಗು ಆಡುತ್ತಿರುವ ತನಕ ಮಾತ್ರ. ಕಣ್ಣು ಹಳದಿಯಾದರೆ, ಉಚ್ಚೆ ಕರಿ ಚಹಾದಂತಾದರೆ, ಹೊಟ್ಟೆ ಉಬ್ಬಿದರೆ, ಎಲ್ಲಾದರೂ ರಕ್ತ ಒಸರಿದರೆ, ಬಿಡದೆ ವಾಂತಿಯಾದರೆ, ಹಗಲೆಲ್ಲ ಮಂಪರು ರಾತ್ರಿಯೆಲ್ಲ ಎಚ್ಚರ ಎಂದಾದರೆ, ಆ ಗಳಿಗೆಯೇ ದವಾಖಾನೆ. ಬಾಣಂತಿ ಮನೆಯವರಿಗೆ ಇನ್ನೊಂದು ಮಾತು: ಎರಡು ವಾರ ದಾಟಿದ ಕೂಸಿನ ಕಾಮಣಿ ಇಳಿಯದೆ ಹೇಲು ಸುಣ್ಣದಂತೆ ಬೆಳ್ಳಗಾಗಿದ್ದರೆ ಪಿತ್ತನಾಳ ಮುಚ್ಚಿರಬಹುದು. ಅದಕ್ಕೆ ಜಪಾನಿನ ಕಸಾಯಿ ಎಂಬ ವೈದ್ಯರ ಹೆಸರಿನ ಶಸ್ತ್ರಚಿಕಿತ್ಸೆಯಿದೆ, 60 ದಿನದೊಳಗೆ ಆದರೆ ಫಲ ಚೆನ್ನ. ಆ ದಿನಗಳನ್ನು ಚುಟಿಗಿ ಹಾಕಿಸುವುದರಲ್ಲಿ ಕಳೆಯಬೇಡಿ. ಕಾದ ಬಳೆಚೂರಿನ ಕಲೆ ಹೊಟ್ಟೆ ಮೇಲೆ ಹೊತ್ತು ನನ್ನ ಮೇಜಿಗೆ ಬಂದ ಕೂಸುಗಳ ಅಳು ನನಗೆ ಇನ್ನೂ ಕೇಳಿಸುತ್ತದೆ.

ಅಂದು ಸಂಜೆಯೇ ಬಾಟಲಿಗಳನ್ನು ಡಾಕ್ಟರಿಗೆ ತೋರಿಸಿ ಬಂದರು. ಸಿರಪ್ಪು, ಟಾನಿಕ್ಕು ಎಲ್ಲ ನಿಲ್ಲಿಸಲು ಹೇಳಿದರಂತೆ. ಮೂರು ವಾರದ ಮೇಲೆ ಮತ್ತೆ ರಕ್ತ ತೆಗೆದರು, ಈ ಸಲ ಒಂದೇ ಚುಚ್ಚಿಗೆ. ಎಸ್‌ಜಿಪಿಟಿ 34, ಎಸ್‌ಜಿಒಟಿ 41. ಆಲ್ಕಲೈನ್ ಫಾಸ್ಫಟೇಸ್ 396, ಅದೇ ದಪ್ಪ ಅಕ್ಷರ, ಅದೇ ಎಚ್. ಸೊಸೆ ಅದನ್ನು ನೋಡಿ ನಕ್ಕು, “ಎಲುಬು ಬೆಳೀಲತ್ತಾವ್ರಿ ಅತ್ತಿ” ಎಂದಳಂತೆ. ಎರಡೂ ಕಾಗದವನ್ನು ತಾಯಿ ಕಾರ್ಡಿನ ಒಳಗೆ ಇಟ್ಟಿದ್ದಾರೆ.

ನಿಮ್ಮ ಮನೆಯಲ್ಲಿ ಸಣ್ಣ ಮಗು ಇದ್ದರೆ, ಈಗಲೇ ಎದ್ದು ಫ್ರಿಜ್ಜಿನ ಮೇಲಿನ ಜ್ವರದ ಸಿರಪ್ಪನ್ನು ಬೆಳಕಿಗೆ ಹಿಡಿದು ನೋಡಿ. 5 ಎಂಎಲ್‌ಗೆ 125 ಎಂದಿದೆಯೋ, 250 ಎಂದಿದೆಯೋ? ಒಂದು ಕಾಗದದ ಚೂರಿನಲ್ಲಿ ಅದನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಬಾಟಲಿಗೆ ಅಂಟಿಸಿ, ಅಜ್ಜಿಗೆ ಕಾಣುವಷ್ಟು ದೊಡ್ಡದಾಗಿ.